ಅರವತ್ತಮೂರು ವಾಲ್ವುಗಳ ಸಾಕ್ಷಿ

ಕಾರ್ಖಾನೆಯಲ್ಲಿ ತಯಾರಾದ ವಾಲ್ವು ಒತ್ತಡವನ್ನು ತಾಳುತ್ತದೆಯೇ ಎಂದು ಪರೀಕ್ಷಿಸುವ ವಿದ್ಯೆಗೆ ದಪ್ಪ ದಪ್ಪ ಪುಸ್ತಕಗಳಿವೆ, ಕೋಷ್ಟಕಗಳಿವೆ, ಮತ್ತೆ ಮತ್ತೆ ತಿದ್ದುಪಡಿಯಾಗುವ ನಿಯಮಾವಳಿಗಳಿವೆ. ಆದರೆ ಆ ಪರೀಕ್ಷೆ ನಡೆಯುವಾಗ ಪಕ್ಕದಲ್ಲಿ ನಿಂತು, ಕಣ್ಣಾರೆ ಕಂಡು, ಕಂಡೆನೆಂದು ಸಹಿ ಹಾಕುವ ಮನುಷ್ಯನ ಬಗ್ಗೆ ಯಾರೂ ಒಂದು ಪುಟ ಬರೆದಂತಿಲ್ಲ. ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿ, ಹನ್ನೊಂದು ಕಾರ್ಖಾನೆಗಳ ಹೊಸ್ತಿಲು ತುಳಿದು, ಒಂದರಲ್ಲೂ ನೆಂಟಸ್ತಿಕೆ ಬೆಳೆಸದೆ, ಇದೀಗ ಗೌರವದಿಂದ ನಿವೃತ್ತರಾಗಿರುವ ಹಿರಿಯ ತಪಾಸಕರಿಗೆ ಈ ಸಂಪುಟ ಅರ್ಪಿತವಾಗುತ್ತಿರುವುದು ನಮ್ಮ ಕಸುಬಿನ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಒತ್ತಡ ಪರೀಕ್ಷೆಯ ಕ್ಷೇತ್ರದಲ್ಲಿ ಅವರಷ್ಟು ಪುಸ್ತಕ ತಿಳಿದವರು ಇನ್ನೂ ನಾಲ್ಕಾರು ಜನ ಇರಬಹುದು. ಅವರಷ್ಟು ಹೊತ್ತು ಗೇಜಿನ ಒಂದೇ ಮುಳ್ಳನ್ನು ನೋಡುತ್ತ ನಿಲ್ಲಬಲ್ಲವರನ್ನು ಈ ಲೇಖಕನಂತೂ ಕಂಡಿಲ್ಲ.

ಕಸುಬಿನ ಹೊರಗಿರುವ ಓದುಗರಿಗೆ ಒಂದು ಮಾತು. ವಾಲ್ವು ತಯಾರಿಸುವವನು ತನ್ನ ಮಾಲು ಚೆನ್ನಾಗಿದೆ ಎಂದೇ ಹೇಳುತ್ತಾನೆ, ಹೇಳದೆ ಅವನಿಗೆ ವಿಧಿಯಿಲ್ಲ. ಕೊಳ್ಳುವವನು ಎಲ್ಲೋ ದೂರದಲ್ಲಿರುತ್ತಾನೆ, ಬಂದು ನೋಡಲು ಅವನಿಗೆ ಪುರುಸೊತ್ತಿಲ್ಲ. ಆದ್ದರಿಂದ ಇಬ್ಬರಿಗೂ ಸೇರದ ಮೂರನೆಯ ಸಂಸ್ಥೆಯೊಂದರಿಂದ ತಪಾಸಕನೊಬ್ಬ ಬರುತ್ತಾನೆ. ವಾಲ್ವಿನೊಳಗೆ ನೀರು ತುಂಬಿಸಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಅದು ಮುಂದೆ ಹೊರಬೇಕಾದ ಒತ್ತಡದ ಒಂದೂವರೆ ಪಟ್ಟನ್ನು ಪಂಪಿನಿಂದ ಏರಿಸಿ, ನಿಗದಿತ ಹೊತ್ತು ಹಾಗೆಯೇ ಹಿಡಿದಿಡುತ್ತಾರೆ; ದೊಡ್ಡ ವಾಲ್ವುಗಳಿಗೆ ಅದು ಹದಿನೈದು ನಿಮಿಷ. ಅಷ್ಟೂ ಹೊತ್ತು ಒತ್ತಡ ತೋರಿಸುವ ಗೇಜಿನ ಮುಳ್ಳು ಇಳಿಯಬಾರದು, ವಾಲ್ವಿನ ಮೈಮೇಲೆ ಒಂದು ಹನಿ ಕಾಣಬಾರದು. ಇದನ್ನು ತಪಾಸಕ ತನ್ನ ಕಣ್ಣಿನಿಂದಲೇ ನೋಡಬೇಕು. ನೋಡಿದ ಮೇಲೆ ತನ್ನ ಉಕ್ಕಿನ ಮುದ್ರೆಯನ್ನು ಸುತ್ತಿಗೆಯಿಂದ ವಾಲ್ವಿನ ಮೇಲೆ ಒತ್ತಬೇಕು. ಆ ಮುದ್ರೆ ಬೀಳದೆ ವಾಲ್ವು ಗೇಟು ದಾಟುವಂತಿಲ್ಲ.

ಇಲ್ಲಿ ಬೆಂಚಿನವನು ಎಂದು ಬರುವವನು ಇದನ್ನು ಬರೆಯುತ್ತಿರುವವನೇ. ಪರೀಕ್ಷಾ ಬೆಂಚಿನ ಮೇಲೆ ವಾಲ್ವನ್ನು ಕೂರಿಸಿ ಪಂಪು ನಡೆಸುವುದು ಅವನ ಕೆಲಸ. ಇಪ್ಪತ್ತೆರಡು ವರ್ಷಗಳ ಹಿಂದೆ ವರದಿಯೊಂದರಲ್ಲಿ ನಾನು ಎಂದು ಬರೆದಿದ್ದಕ್ಕೆ ಅವನು ಈ ಹಿರಿಯರಿಂದಲೇ ಮಾತು ಕೇಳಿಸಿಕೊಂಡಿದ್ದ. ಪರೀಕ್ಷೆ ನಡೆಸಿದವರು ಯಾರು, ನೋಡಿದವರು ಯಾರು ಎಂದು ಬರೆದರೆ ಸಾಕು, ನಾನು ನೀನು ಎಂಬುದೆಲ್ಲ ಮದುವೆ ಮನೆಗೆ ಇರಲಿ ಎಂದು ಅವರು ಹಾಳೆಯನ್ನು ವಾಪಸು ಕೊಟ್ಟಿದ್ದರು. ಅಂದು ಅಂಟಿಕೊಂಡ ಅಭ್ಯಾಸ ಇಂದೂ ಬಿಟ್ಟಿಲ್ಲ, ಓದುಗರು ಮನ್ನಿಸಬೇಕು.

ಅವರು ಮೊದಲ ಸಲ ಬಂದ ಬೆಳಿಗ್ಗೆ ಆಡಳಿತ ಕಚೇರಿಯಲ್ಲಿ ಅವರಿಗಾಗಿ ಮೆತ್ತನೆಯ ಕುರ್ಚಿ, ಟ್ರೇಯಲ್ಲಿ ಚಹಾ, ಬಿಸ್ಕತ್ತು ಎಲ್ಲ ಸಿದ್ಧವಾಗಿದ್ದವು. ಅವರು ಬಾಗಿಲಲ್ಲೇ ನಿಂತು ನಮಸ್ಕಾರ ಹೇಳಿ, ಪರೀಕ್ಷಾ ಶೆಡ್ಡು ಯಾವ ಕಡೆ ಎಂದು ಕೇಳಿಕೊಂಡು, ನೇರವಾಗಿ ಅಲ್ಲಿಗೇ ನಡೆದುಬಿಟ್ಟರು. ಹೆಗಲಲ್ಲೊಂದು ಚೀಲ, ಅದರಲ್ಲಿ ಟಾರ್ಚು, ಮಡಿಸಿದ ಬಿಳಿ ಬಟ್ಟೆ, ಸುತ್ತಿಗೆ, ಮುದ್ರೆ, ಅವುಗಳ ಜೊತೆಗೇ ಒಂದು ಊಟದ ಡಬ್ಬಿ ಮತ್ತು ನೀರಿನ ಫ್ಲಾಸ್ಕು. ಗೇಜುಗಳನ್ನು ಇಡುವ ಕಪಾಟಿನ ಪಕ್ಕ ಒಂದು ಸ್ಟೂಲು ಎಳೆದುಕೊಂಡು ಕೂತರು. ಮೇಲೆ ಕ್ರೇನಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದವನು, ಇವರು ನಮ್ಮವರೂ ಅಲ್ಲ, ಕೊಳ್ಳುವವರ ಕಡೆಯವರೂ ಅಲ್ಲ, ಬರೀ ಮೂರನೆಯವರು ಎಂದ. ಮಧ್ಯಾಹ್ನದ ಹೊತ್ತಿಗೆ ಆ ಹೆಸರು ಇಡೀ ಕಾರ್ಖಾನೆಗೆ ಹಬ್ಬಿತ್ತು. ಅದು ಅವರ ಕಿವಿಗೂ ಬಿದ್ದು, ಸರಿಯಾಗಿಯೇ ಇದೆ ಎಂದು ಅವರು ಒಪ್ಪಿಕೊಂಡರೆಂದು ಆಮೇಲೆ ತಿಳಿಯಿತು.

ಊಟದ ಹೊತ್ತಿನಲ್ಲಿ ಅಂಗಳದ ಆಚೆ ಕ್ಯಾಂಟೀನಿನಲ್ಲಿ ತಟ್ಟೆಗಳ ಸದ್ದು, ನಗು, ಒಬ್ಬರ ಕಾಲು ಒಬ್ಬರು ಎಳೆಯುವ ಗದ್ದಲ. ಇತ್ತ ಶೆಡ್ಡಿನಲ್ಲಿ ಮೂರನೆಯವರು ಗೋಡೆಗೆ ಮುಖ ಮಾಡಿ ಡಬ್ಬಿ ಬಿಚ್ಚುತ್ತಿದ್ದರು. ಊಟ ಮುಗಿದ ಮೇಲೆ ಡಬ್ಬಿಯನ್ನು ತಮ್ಮ ಫ್ಲಾಸ್ಕಿನ ನೀರಿನಲ್ಲೇ ತೊಳೆದು, ಅದೇ ಸ್ಟೂಲಿನ ಮೇಲೆ ಕೈಕಟ್ಟಿ ಕೂತು, ಸೈರನ್ನು ಕೂಗುವುದನ್ನು ಕಾಯುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಕಾರ್ಖಾನೆಯ ಒಂದು ಲೋಟ ನೀರನ್ನೂ ಅವರು ಕುಡಿದವರಲ್ಲ. ಬೆಂಚಿನವನು ಮೊದಮೊದಲು ಇದನ್ನು ಜಂಬವೆಂದೇ ಎಣಿಸಿದ್ದ. ಆಮೇಲೊಮ್ಮೆ ಅವರೇ ಹೇಳಿದರು: ಸೇವೆಗೆ ಸೇರಿದ ಹೊಸದರಲ್ಲಿ ಬೇರೊಂದು ಕಾರ್ಖಾನೆಯಲ್ಲಿ ಒಂದು ವರ್ಷ ಎಲ್ಲರೊಂದಿಗೆ ಕೂತು ಚಹಾ ಕುಡಿದಿದ್ದರಂತೆ. ಒಂದು ದಿನ ಅಲ್ಲಿಯ ಹತ್ತು ವಾಲ್ವುಗಳನ್ನು ತಿರಸ್ಕರಿಸಿದಾಗ, ಅಷ್ಟು ದಿನ ಪಕ್ಕದಲ್ಲಿ ಕೂರುತ್ತಿದ್ದವರು, ನಮ್ಮ ಚಹಾ ಕುಡಿದವರು ಹೀಗೆ ಮಾಡಬಹುದಾ ಎಂದು ಕೇಳಿದರಂತೆ. ಅಂದಿನಿಂದ ಚಹಾ ಬಿಟ್ಟೆ ಎಂದರು. ಚಹಾದ ಜೊತೆ ಇನ್ನೂ ಏನೇನು ಬಿಟ್ಟರೆಂದು ಅವರು ಹೇಳಲಿಲ್ಲ, ಬೆಂಚಿನವನು ಕೇಳಲೂ ಇಲ್ಲ.

ಅವರು ಮದುವೆಯಾಗಲಿಲ್ಲ. ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಕೆಳಗಿನ ಹೊಲಿಗೆ ಯಂತ್ರದ ಸದ್ದು ನಿಂತಾಗ ಸಂಜೆಯಾಯಿತೆಂದು ಅವರಿಗೆ ತಿಳಿಯುತ್ತಿತ್ತಂತೆ. ದೂರದ ಊರಿನಲ್ಲಿ ಅಕ್ಕ ಒಬ್ಬರಿದ್ದರು, ತಿಂಗಳಿಗೊಮ್ಮೆ ಫೋನು. ಎರಡು ದಿನ ರಜೆ ಒಟ್ಟಿಗೆ ಬಂದರೆ, ಎರಡನೆಯ ದಿನ ಮಧ್ಯಾಹ್ನ ತಮ್ಮ ದನಿ ಇನ್ನೂ ಇದೆಯೇ ಎಂದು ನೋಡಿಕೊಳ್ಳಲು ನಿಯಮಾವಳಿಯ ಪುಸ್ತಕ ತೆಗೆದು ಒಂದು ಪುಟ ಗಟ್ಟಿಯಾಗಿ ಓದುತ್ತೇನೆ ಎಂದು ಅವರು ಒಮ್ಮೆ ಹೇಳಿದ್ದರು. ತಮಾಷೆಗೆ ಹೇಳಿದರೆಂದುಕೊಂಡು ಬೆಂಚಿನವನು ನಕ್ಕ. ಅವರು ನಗಲಿಲ್ಲ.

ಅವರ ಶಿಸ್ತಿನಿಂದ ಬೆಂಚಿನವನು ಪಟ್ಟ ಪಾಡು ಒಂದೆರಡಲ್ಲ. ಮೊದಲ ವರ್ಷವೇ ಒಂದು ಜಗಳವಾಯಿತು. ನೆಲದಡಿಯ ತೊಟ್ಟಿಯ ತಣ್ಣನೆಯ ನೀರು ಒಳಗೆ ಹೋಗುತ್ತಲೂ ವಾಲ್ವಿನ ಹೊರಮೈ ಬೆವರಿತು. ಇದು ಸೋರಿಕೆಯಲ್ಲ, ಬರೀ ಬೆವರು ಎಂದು ಬೆಂಚಿನವನು ಬಟ್ಟೆಯಿಂದ ಒರೆಸಿ ತೋರಿಸಿದ; ಒರೆಸಿದಷ್ಟೂ ಮತ್ತೆ ಹನಿಗಟ್ಟಿತು. ಇರಬಹುದು, ಆದರೆ ಹನಿಯನ್ನು ನೋಡಿ ಅದು ಎಲ್ಲಿಂದ ಬಂತೆಂದು ಹೇಳಲು ತಮಗೆ ಬರುವುದಿಲ್ಲ, ನೀರು ಬೆಚ್ಚಗಾಗಲಿ ಎಂದು ಮೂರನೆಯವರು ಕೂತರು. ಮೂರು ಗಂಟೆ ಇಬ್ಬರೂ ಮಾತಿಲ್ಲದೆ ಒಂದು ವಾಲ್ವಿನ ಆಚೆ ಈಚೆ ಕೂತಿದ್ದರು. ಬೆಂಚಿನವನು ಮನಸ್ಸಿನಲ್ಲೇ ಅವರ ವಂಶವನ್ನೆಲ್ಲ ಬೈದು ಮುಗಿಸಿದ ಹೊತ್ತಿಗೆ ವಾಲ್ವಿನ ಮೈ ಒಣಗಿತು. ಅವರು ಎದ್ದು, ಬಿಳಿ ಬಟ್ಟೆಯನ್ನು ಜಾಯಿಂಟಿನ ಸುತ್ತ ಎಳೆದು ನೋಡಿ, ಮುದ್ರೆ ಹೊಡೆದು, ನೀವು ಹೇಳಿದ್ದೇ ಸರಿ ಎಂದು ಹೇಳಿ ಹೋದರು. ಬೆಂಚಿನವನ ಬೈಗುಳಕ್ಕೆ ಆಮೇಲೆ ಆಧಾರ ಉಳಿಯಲಿಲ್ಲ.

ಒತ್ತಡ ಏರುತ್ತಿರುವಾಗ ಪಂಪಿನಿಂದ ವಾಲ್ವಿಗೆ ಹೋಗುವ ಮೆದುಗೊಳವೆಯ ಜೋಡಣೆಗೆ ಎದುರಾಗಿ ಯಾರೂ ನಿಲ್ಲಬಾರದೆಂಬುದು ಅವರ ಇನ್ನೊಂದು ಹಟ. ಅವಸರದಲ್ಲಿ ಬೆಂಚಿನವನು ಮರೆತರೆ ಅಂಗಿಯ ತೋಳು ಹಿಡಿದು ಪಕ್ಕಕ್ಕೆ ಎಳೆಯುತ್ತಿದ್ದರು. ಹಾಗೆ ಎಳೆದ ಒಂದು ದಿನ, ಎಳೆದು ಉಸಿರು ಬಿಡುವಷ್ಟರಲ್ಲಿ, ಜೋಡಣೆ ಕಿತ್ತುಕೊಂಡು ಎದುರಿನ ಗೋಡೆಗೆ ಬಡಿಯಿತು. ಅಲ್ಲಿ ಎದೆಮಟ್ಟದಲ್ಲಿ ಒಂದು ಗುಳಿ ಬಿದ್ದಿದೆ; ಬೆಂಚಿನವನು ಇಂದಿಗೂ ಆ ಗೋಡೆಗೆ ಸುಣ್ಣ ಬಳಿಯಲು ಬಿಟ್ಟಿಲ್ಲ. ಅವರು ಅಂದಿನ ವರದಿಯಲ್ಲಿ ಬರೆದದ್ದು ಎರಡೇ ವಾಕ್ಯ: ಪರೀಕ್ಷೆ ನಿಲ್ಲಿಸಲಾಯಿತು, ಯಾರಿಗೂ ಗಾಯವಿಲ್ಲ.

ಬೆಂಚಿನವನ ತಾಯಿ ತೀರಿಕೊಂಡ ವಾರವೇ ಹದಿನಾಲ್ಕು ವಾಲ್ವುಗಳ ಪರೀಕ್ಷೆಗೆ ದಿನ ಗೊತ್ತಾಗಿತ್ತು. ಆಗ ಬೆಂಚು ನಡೆಸಬಲ್ಲವನು ಅವನೊಬ್ಬನೇ. ಮಣ್ಣು ಮಾಡಿ ಬಂದ ಮರುದಿನವೇ ಕೆಲಸಕ್ಕೆ ಬಾ ಎಂದು ಕಾರ್ಖಾನೆಯಿಂದ ಕರೆ ಬಂತು. ಆದರೆ ಸಂಜೆಯೊಳಗೆ ಇನ್ನೊಂದು ಸುದ್ದಿಯೂ ಬಂತು, ತಪಾಸಕರು ಐದು ದಿನ ರಜೆ ಹಾಕಿದ್ದರಿಂದ ಪರೀಕ್ಷೆ ಮುಂದಕ್ಕೆ ಹೋಗಿದೆಯೆಂದು. ಅವರಿಗೇನು ಕಾಯಿಲೆಯೋ ಎಂದು ಬೆಂಚಿನವನು ಚಿಂತೆಪಟ್ಟಿದ್ದ. ಅವರಿಗೆ ಏನೂ ಆಗಿರಲಿಲ್ಲ. ಹೋಗಲು ಊರಿಲ್ಲದೆ, ಮಾಡಲು ಕೆಲಸವಿಲ್ಲದೆ, ಐದು ದಿನವೂ ಅವರು ಆ ಟೈಲರ್ ಅಂಗಡಿಯ ಮೇಲೆ ಸುಮ್ಮನೆ ಕೂತಿದ್ದರೆಂದು ಟೈಲರನಿಂದ ತಿಳಿದದ್ದು ವರ್ಷದ ಮೇಲೆ. ಸಾಂತ್ವನದ ಒಂದು ಮಾತೂ ಆಡಿರದ ಮನುಷ್ಯ ತಮ್ಮ ಐದು ದಿನಗಳನ್ನು ಹೀಗೆ ಕೊಟ್ಟಿದ್ದರು. ಆ ಋಣ ಈ ಲೇಖನದಿಂದ ತೀರುವಂಥದ್ದಲ್ಲ.

ಇನ್ನು ಬರೆಯಲೇಬೇಕಾದ ವಿಷಯಕ್ಕೆ ಬರಬೇಕು. ಅವರ ನಿವೃತ್ತಿಗೆ ಮೂರು ವರ್ಷವಿದ್ದಾಗ, ಗ್ಯಾಸ್ ಸಾಗಿಸುವ ಪೈಪ್‌ಲೈನಿಗೆಂದು ನಮಗೆ ದೊಡ್ಡ ಆರ್ಡರೊಂದು ಬಂತು. ಮೂರನೆಯವರು ಬೇರೆ ಕಡೆ ಹೋಗುವುದನ್ನು ನಿಲ್ಲಿಸಿ ನಮ್ಮಲ್ಲಿಗೆ ಮಾತ್ರ ಬರತೊಡಗಿದರು. ಅವರು ಗೇಜಿಗೆ ಮುಖವನ್ನು ಹತ್ತಿರ ತರುವುದನ್ನು ಬೆಂಚಿನವನು ಗಮನಿಸಿದ್ದು ಆಗಲೇ. ಕನ್ನಡಕವನ್ನು ಒರೆಸುವರು, ಹಾಕಿಕೊಳ್ಳುವರು, ಮತ್ತೆ ಒರೆಸುವರು. ಟಾರ್ಚಿನ ಬೆಳಕನ್ನು ಗೇಜಿನ ಮೇಲೆ ಬಿಟ್ಟು, ಅದರ ಗಾಜು ಹೊಳೆದು ಕಣ್ಣಿಗೆ ಹೊಡೆದಾಗ ಮುಖ ತಿರುಗಿಸುವರು. ಒಂದು ದಿನ ಯಾವುದೋ ಯೋಚನೆಯಲ್ಲಿದ್ದವರಂತೆ, ಎಷ್ಟಾಯಿತು ಎಂದು ಕೇಳಿದರು. ಬೆಂಚಿನವನು ನೂರೈವತ್ತಾರು, ನಿಂತಿದೆ ಸಾರ್ ಎಂದ; ಆ ವಾಲ್ವುಗಳಿಗೆ ಏರಿಸಬೇಕಾದ ಒತ್ತಡದ ಅಂಕಿ ಅದೇ. ಅವರು ತಲೆಯಾಡಿಸಿ ಬರೆದುಕೊಂಡರು.

ಅಂದಿನಿಂದ ಅವರು ಕೇಳುವ ಮೊದಲೇ ಬೆಂಚಿನವನು ಹೇಳತೊಡಗಿದ. ಒತ್ತಡ ಏರಿದಾಗ ಒಂದು ಸಲ, ಹದಿನೈದು ನಿಮಿಷ ಮುಗಿದಾಗ ಇನ್ನೊಂದು ಸಲ. ಮೆಟ್ಟಿಲಿಳಿಯುವ ಹಿರಿಯರಿಗೆ ಕೈ ಕೊಡುವಷ್ಟೇ ಸಹಜವಾಗಿತ್ತು ಅದು. ತಪ್ಪೆಂದು ಅವನಿಗೆ ಹೊಳೆಯಲೇ ಇಲ್ಲ. ಸುಳ್ಳು ಅಂಕಿಯನ್ನಂತೂ ಅವನು ಹೇಳುತ್ತಿರಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಮಾತಾಡಬಾರದೆಂಬ ಅವರ ಹಳೆಯ ನಿಯಮವೂ ಹೀಗೆಯೇ ಸಡಿಲಾಯಿತು. ಒಂದು ಅಂಕಿಯ ಹಿಂದೆ ಒಂದು ಮಾತು ಬಂತು, ಆ ಮಾತಿನ ಹಿಂದೆ ಇನ್ನೊಂದು. ಹತ್ತೊಂಬತ್ತು ವರ್ಷ ಪಕ್ಕಪಕ್ಕ ನಿಂತು ಗಳಿಸಿಕೊಳ್ಳಲಾಗದ್ದನ್ನು ಇಬ್ಬರೂ ಒಂಬತ್ತು ತಿಂಗಳಲ್ಲಿ ಗಳಿಸಿಕೊಂಡರು. ಅವರ ಅಕ್ಕನಿಗೆ ಮಂಡಿನೋವು, ಟೈಲರನಿಗೆ ಕೋಪ ಜಾಸ್ತಿ, ಅವರಿಗೆ ಚಿಕ್ಕಂದಿನಲ್ಲಿ ಕೊಳಲು ಕಲಿಯುವ ಆಸೆಯಿತ್ತು, ಇದೆಲ್ಲ ಬೆಂಚಿನವನಿಗೆ ತಿಳಿಯಿತು. ಎಲ್ಲರನ್ನೂ ನೀವು ಎನ್ನುತ್ತಿದ್ದವರು ಒಂದು ಬೆಳಿಗ್ಗೆ ಅವನನ್ನು ನೀನು ಎಂದರು. ಆ ಒಂಬತ್ತು ತಿಂಗಳು ಕೆಲಸಕ್ಕೆ ಹೋಗುವುದೆಂದರೆ ಬೆಂಚಿನವನಿಗೆ ಖುಷಿಯಾಗಿತ್ತು. ಅವರಿಗೂ ಆಗಿತ್ತೆಂದೇ ಅವನ ನಂಬಿಕೆ.

ತಪಾಸಕರ ಕಣ್ಣನ್ನು ವರ್ಷಕ್ಕೊಮ್ಮೆ ವೈದ್ಯರು ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕೆಂಬುದು ನಿಯಮ. ಆ ವರ್ಷದ ಪರೀಕ್ಷೆಯಲ್ಲಿ ಎರಡೂ ಕಣ್ಣಿಗೆ ಪೊರೆ ಬಂದಿರುವುದು ತಿಳಿಯಿತು. ಮರುದಿನ ಬೆಳಿಗ್ಗೆ ಅವರು ಎಂದಿನ ಹೊತ್ತಿಗೇ ಶೆಡ್ಡಿಗೆ ಬಂದರು. ಬೆಂಚಿನ ಮೇಲಿದ್ದ ವಾಲ್ವಿಗೆ ಮನಸ್ಸಿಗೆ ಬಂದಷ್ಟು ಒತ್ತಡ ಏರಿಸುವಂತೆಯೂ, ಬಾಯಿ ಮಾತ್ರ ತೆರೆಯಬಾರದೆಂದೂ ಬೆಂಚಿನವನಿಗೆ ಹೇಳಿದರು. ಅವನು ಏರಿಸಿದ. ಅವರು ಗೇಜನ್ನು ಬಹಳ ಹೊತ್ತು ನೋಡಿ ನೂರೈವತ್ತಾರು ಎಂದರು. ಮುಳ್ಳು ನೂರಮೂವತ್ತರಲ್ಲಿತ್ತು. ಬೆಂಚಿನವನು ಏನೂ ಹೇಳಲಿಲ್ಲ. ಅವನು ಹೇಳದೆ ಇದ್ದದ್ದರಿಂದಲೇ ಅವರಿಗೆ ಗೊತ್ತಾಯಿತು.

“ನಿನಗೆ ಯಾವಾಗಿಂದ ಗೊತ್ತು?”

“ಒಂಬತ್ತು ತಿಂಗಳಾಯ್ತು ಸಾರ್.”

ಅವರು ಸ್ಟೂಲಿನ ಮೇಲೆ ಕೂತರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಹಾಗಾದ್ರೆ ಒಂಬತ್ತು ತಿಂಗಳು ನಾನು ಇಲ್ಲಿ ಇರ್ಲೇ ಇಲ್ಲ. ನೀನೊಬ್ಬನೇ ಇದ್ದೆ.”

ಬೆಂಚಿನವನು ತಾನು ಓದಿದ್ದೆಲ್ಲ ನಿಜವೆಂದು ಆಣೆ ಮಾಡಿದ. ಅದು ತಮಗೆ ಗೊತ್ತಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ತಯಾರಿಸಿದವನ ಕಡೆಯ ಮನುಷ್ಯ ಹೇಳಿದ್ದನ್ನು ನಂಬುವುದಾಗಿದ್ದರೆ ಮೂರನೆಯವನ ಅಗತ್ಯವೇ ಇರಲಿಲ್ಲವಲ್ಲ, ಕಾಗದದ ಮೇಲೆ ತಮ್ಮ ಸಹಿಯೂ ವಾಲ್ವಿನ ಮೇಲೆ ತಮ್ಮ ಮುದ್ರೆಯೂ ಸುಮ್ಮನೆ ಬಿದ್ದಿವೆ ಎಂದರು. ಮಧ್ಯಾಹ್ನದೊಳಗೆ ವರದಿ ಬರೆದು ಮುಗಿಸಿದ್ದರು. ಒಂಬತ್ತು ತಿಂಗಳಲ್ಲಿ ಪರೀಕ್ಷೆಯಾದ ಅರವತ್ತಮೂರು ವಾಲ್ವುಗಳಲ್ಲಿ ಒಂದರ ಗೇಜನ್ನೂ ತಪಾಸಕರು ಸ್ವತಃ ಓದಿಲ್ಲ, ತಯಾರಕರ ಬೆಂಚಿನ ನಿರ್ವಾಹಕರು ಓದಿ ಹೇಳಿದ್ದಾರೆ, ಆದ್ದರಿಂದ ಅಷ್ಟನ್ನೂ ಮರಳಿ ಪರೀಕ್ಷಿಸಬೇಕು ಎಂದು ಅದರಲ್ಲಿತ್ತು. ನಮ್ಮ ಗುಣಮಟ್ಟ ವಿಭಾಗದ ಮ್ಯಾನೇಜರು ಓಡಿಬಂದು, ಕಣ್ಣಿನ ವಿಷಯ ಬರೆಯಿರಿ, ಓದಿ ಹೇಳಿದ ವಿಷಯ ಬಿಡಿ, ಪಾಪ ಅವನ ಕೆಲಸಕ್ಕೆ ಸಂಚಕಾರ ಬರುತ್ತದೆ ಎಂದು ಕೈಮುಗಿದು ಕೇಳಿಕೊಂಡರು. ಬೆಂಚಿನವನು ಅಲ್ಲೇ ನಿಂತಿದ್ದ. ಬಿಡುತ್ತಾರೆ ಎಂದೇ ಅವನು ಅಂದುಕೊಂಡಿದ್ದ. ಅವರು ಬಿಡಲಿಲ್ಲ, ಅವನ ಕಡೆ ನೋಡಲೂ ಇಲ್ಲ.

ಅಭಿನಂದನೆಯ ಬರಹದಲ್ಲಿ ಕೋಪದ ಮಾತು ಬರಬಾರದು. ಆದರೆ ಅವನಿಗೆ ಕೋಪ ಬಂದಿತ್ತು, ಅದನ್ನು ಮುಚ್ಚಿಟ್ಟರೆ ಈ ಬರಹವೇ ಸುಳ್ಳಾಗುತ್ತದೆ. ಎಚ್ಚರಿಕೆಯ ಪತ್ರ ಕೊಟ್ಟು ಅವನನ್ನು ಹದಿನಾಲ್ಕು ತಿಂಗಳು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಇಪ್ಪತ್ತು ವರ್ಷ ಪಂಪು ನಡೆಸಿದ ಕೈಯಲ್ಲಿ ಮರದ ಪೆಟ್ಟಿಗೆಗೆ ಮೊಳೆ ಹೊಡೆಯುತ್ತ, ತನ್ನ ಬೆಂಚಿನ ಪಂಪು ಬೇರೆಯವರ ಕೈಯಲ್ಲಿ ತಪ್ಪು ಲಯದಲ್ಲಿ ಬಡಿಯುವುದನ್ನು ಕೇಳಿಸಿಕೊಳ್ಳುತ್ತ ಅವನು ದಿನ ಕಳೆದ. ಕರುಣೆ ತೋರಿಸಿದ್ದಕ್ಕೆ ಸಿಕ್ಕ ಬಹುಮಾನ ಇದು ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡ.

ಮೂರನೆಯವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಅವರು ಕೋಣೆಯಲ್ಲಿ ಮಲಗಿದ್ದಾಗ ಒಂದು ಭಾನುವಾರ ಬೆಂಚಿನವನು ಆ ಬೀದಿಗೆ ಹೋಗಿದ್ದ. ಟೈಲರ್ ಅಂಗಡಿ ಮುಚ್ಚಿತ್ತು. ಮೇಲಿನ ಕಿಟಕಿಗೆ ಬೆಳಕು ತಾಗದಂತೆ ದಪ್ಪ ಬಟ್ಟೆ ಕಟ್ಟಿದ್ದರು. ಮೆಟ್ಟಿಲ ಬುಡದಲ್ಲಿ ನಿಂತರೆ ಮೇಲಿನಿಂದ ಒಂದು ದನಿ ಕೇಳಿಸಿತು. ಬಾಗಿಲು ಹಾಕಿಕೊಂಡು ಅವರು ನಿಯಮಾವಳಿಯ ಯಾವುದೋ ಪುಟವನ್ನು ಪುಸ್ತಕವಿಲ್ಲದೆ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಮಂಡಿನೋವಿನ ಅಕ್ಕನಿಗೆ ಬರಲಾಗಿರಲಿಲ್ಲ, ಬೇರೆ ಯಾರೂ ಬರುವವರಿರಲಿಲ್ಲ. ಹದಿನೆಂಟು ಮೆಟ್ಟಿಲಿದ್ದವು. ಬೆಂಚಿನವನು ಹತ್ತಲಿಲ್ಲ. ತಾನು ತಂದ ಹಣ್ಣಿನ ಚೀಲವನ್ನು ಹಿಡಿದುಕೊಂಡು ಮನೆಗೆ ವಾಪಸು ಬಂದ. ಯಾರಿಗೂ ಹೇಳಿರದ ಈ ನಾಚಿಕೆಯನ್ನು ಅವನು ಇಲ್ಲಿ ದಾಖಲಿಸುತ್ತಿದ್ದಾನೆ.

ಅರವತ್ತಮೂರೂ ಮರುಪರೀಕ್ಷೆಯಾದವು. ಪುಣ್ಯಕ್ಕೆ ಒಂದನ್ನೂ ಇನ್ನೂ ಪೈಪಿಗೆ ಜೋಡಿಸಿರಲಿಲ್ಲ, ಎಲ್ಲವೂ ಕೊಂಡವರ ಉಗ್ರಾಣದಲ್ಲೇ ಇದ್ದವು. ಬೇರೊಬ್ಬ ತಪಾಸಕರ ಎದುರಿಗೆ ಅರವತ್ತೆರಡು ತೇರ್ಗಡೆಯಾದವು. ನಾನೂರ ಹದಿನೇಳನೆಯ ನಂಬರಿನದೊಂದು ಮಾತ್ರ ಕೆಳಗಿನ ಜಾಯಿಂಟಿನಲ್ಲಿ ಜಿನುಗಿತು. ಹದಿನೈದು ನಿಮಿಷದಲ್ಲಿ ಮುಳ್ಳು ನೂರೈವತ್ತಾರರಿಂದ ನೂರೈವತ್ತೆರಡಕ್ಕೆ ಇಳಿಯಿತು. ಸಾಗಣೆಯಲ್ಲಿ ಕುಲುಕಾಡಿ ಬೋಲ್ಟು ಸಡಿಲಾಗಿರಬಹುದೆಂದು ನಮ್ಮ ಮ್ಯಾನೇಜರು ಬರೆದರು, ಎಲ್ಲರೂ ಒಪ್ಪಿದರು. ಸೀಲು ಬದಲಿಸಿ ಅದನ್ನೂ ಕಳಿಸಲಾಯಿತು.

ಹೊಸ ಕಣ್ಣುಗಳೊಂದಿಗೆ ಮೂರನೆಯವರು ಮರಳಿ ಬಂದರು. ಸ್ವಲ್ಪ ದಿನದ ಮೇಲೆ ಬೆಂಚಿನವನೂ ಬೆಂಚಿಗೆ ಮರಳಿದ. ಮತ್ತೆ ಅದೇ ಶೆಡ್ಡು, ಅದೇ ಕಪಾಟು, ಅದೇ ಹದಿನೈದು ನಿಮಿಷಗಳು. ಅವರು ಅವನನ್ನು ಮತ್ತೆ ನೀವು ಎನ್ನತೊಡಗಿದರು. ಅಕ್ಕನ ಮಂಡಿನೋವು ಹೇಗಿದೆಯೆಂದು ಅವನು ಕೇಳಲಿಲ್ಲ, ಅವರಾಗಿ ಹೇಳಲಿಲ್ಲ. ಒಬ್ಬರ ಉಸಿರು ಒಬ್ಬರಿಗೆ ಕೇಳುವಷ್ಟು ಹತ್ತಿರ ನಿಂತು, ಒಂದು ವರ್ಷ ಇಬ್ಬರೂ ಗೇಜನ್ನು ನೋಡಿದರು. ಮೊದಲಿನ ಹತ್ತೊಂಬತ್ತು ವರ್ಷದ ಮೌನಕ್ಕೆ ಬೆಂಚಿನವನು ಒಗ್ಗಿಹೋಗಿದ್ದ. ಈ ಒಂದು ವರ್ಷದ ಮೌನವನ್ನು ತಾಳಿಕೊಳ್ಳಲು ಅವನಿಗೆ ಕಷ್ಟವಾಯಿತು, ಏಕೆಂದರೆ ಆ ಮನುಷ್ಯ ನಕ್ಕರೆ ಹೇಗಿರುತ್ತಾರೆಂದು ಈಗ ಅವನಿಗೆ ಗೊತ್ತಿತ್ತು.

ನಿವೃತ್ತಿಯ ದಿನದ ಕೊನೆಯ ವಾಲ್ವಿಗೆ ಮುದ್ರೆ ಹೊಡೆದು, ಸಂಸ್ಥೆಗೆ ಒಪ್ಪಿಸಬೇಕಾದ ಆ ಮುದ್ರೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡರು. ಹೊರಡುವ ಮುನ್ನ ಬೆಂಚಿನ ಮೇಲೆ ಕೈಯಿಟ್ಟು ನಿಂತರು.

“ಆ ಅರವತ್ತಮೂರರಲ್ಲಿ ಒಂದನ್ನೂ ನೀನು ತಪ್ಪು ಓದಿರ್ಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಹೆಸರು ಬರೆದೆ. ಎರಡು ವರ್ಷದಿಂದ ಸರಿಯಾಗಿ ನಿದ್ದೆ ಇಲ್ಲ ನನಗೆ.”

ಬೆಂಚಿನವನು ಬಾಯಿ ತೆರೆದ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವನಿಗೆ ಇನ್ನೂ ನಾಲ್ಕು ವರ್ಷದ ಸರ್ವೀಸಿದೆ, ಎಚ್ಚರಿಕೆಯ ಪತ್ರ ಒಂದು ಆಗಲೇ ಫೈಲಿನಲ್ಲಿದೆ. ಇರಲಿ ಬಿಡಿ ಸಾರ್ ಎಂದುಬಿಟ್ಟ. ಅವರು ಅದನ್ನು ಕ್ಷಮೆಯೆಂದು ತಿಳಿದು, ಅವನ ಭುಜ ತಟ್ಟಿ, ಚೀಲವನ್ನು ಹೆಗಲಿಗೇರಿಸಿಕೊಂಡು ಹೋದರು. ಅವರು ಗೇಟು ದಾಟುವವರೆಗೂ ಅವನು ನೋಡುತ್ತ ನಿಂತಿದ್ದ. ಕರೆಯಲಿಲ್ಲ.

ಅವರ ಬಗ್ಗೆ ಮರೆಯಲಾಗದ ಪ್ರಸಂಗವೊಂದನ್ನು ಬರೆದುಕೊಡಿ ಎಂದು ಈ ಸಂಪುಟದ ಸಂಪಾದಕರು ಕೇಳಿದ್ದಾರೆ. ಅದು ನಾನೂರ ಹದಿನೇಳನೆಯ ವಾಲ್ವಿನ ದಿನ. ಆ ಬೆಳಿಗ್ಗೆ ಒತ್ತಡ ಏರಿಸಿ, ನೂರೈವತ್ತಾರು ಎಂದು ಹೇಳಿ, ಬೆಂಚಿನವನು ತನ್ನ ಹೆಂಡತಿ ಹಿಂದಿನ ದಿನ ಆಡಿದ ಮಾತನ್ನು ಅವರಿಗೆ ಹೇಳಿದ. ನಿಮ್ಮ ಸಾಹೇಬರು ನೀವು ಕೊಟ್ಟ ನೀರನ್ನು ಮುಟ್ಟುವುದಿಲ್ಲ, ಆದರೆ ನೀವು ವಾಲ್ವಿಗೆ ಕುಡಿಸಿದ ನೀರನ್ನು ಕಣ್ಣು ಮಿಟುಕಿಸದೆ ಕಾಯುತ್ತಾರೆ, ಹೀಗಿರುವವರಿಗೆ ಹೆಣ್ಣು ಕೊಡುವವರು ಯಾರು ಎಂದು ಅವಳು ಕೇಳಿದ್ದಳು. ಮೂರನೆಯವರು ನಕ್ಕರು. ಮೊದಲು ಭುಜ ಕುಣಿಯಿತು, ಆಮೇಲೆ ಸದ್ದು ಬಂತು, ಕಡೆಗೆ ಕಪಾಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ಅವನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಅವನು ಅದನ್ನೇ ನೋಡುತ್ತ ನಿಂತಿದ್ದ. ಹದಿನೈದು ನಿಮಿಷ ಮುಗಿದು ಗಡಿಯಾರದ ಗಂಟೆ ಹೊಡೆಯಿತು. ಗೇಜು ಅವನ ಬೆನ್ನ ಹಿಂದಿತ್ತು. ಅವನು ತಿರುಗಲಿಲ್ಲ. ಅವರ ಮುಖವನ್ನೇ ನೋಡುತ್ತ, ಬಾಯಿಗೆ ರೂಢಿಯಾದದ್ದನ್ನು ಹೇಳಿದ: ನೂರೈವತ್ತಾರು, ನಿಂತಿದೆ ಸಾರ್. ಅವರು ಕಣ್ಣೊರೆಸಿಕೊಂಡು ಮುದ್ರೆ ಹೊಡೆದರು.

ಅಂದು ಮುಳ್ಳು ಇಳಿದಿತ್ತೋ, ಬೋಲ್ಟು ನಿಜವಾಗಿಯೂ ಲಾರಿಯಲ್ಲೇ ಸಡಿಲಾಯಿತೋ, ಬೆಂಚಿನವನಿಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದೇ ಅವನ ತಪ್ಪು. ಒಂಬತ್ತು ತಿಂಗಳು ಅಲ್ಲಿ ನೀನೊಬ್ಬನೇ ಇದ್ದೆ ಎಂದು ಅವರು ಹೇಳಿದ್ದರು. ಆ ಹದಿನೈದು ನಿಮಿಷ ಅವನೂ ಇರಲಿಲ್ಲ. ಅಲ್ಲಿ ಯಾರೂ ಇರಲಿಲ್ಲ. ಅವರು ಆ ವರದಿ ಬರೆಯದೆ ಇದ್ದಿದ್ದರೆ, ಬೆಂಚಿನವನ ಮೇಲೆ ದಯೆ ತೋರಿಸಿ ಸುಮ್ಮನಾಗಿದ್ದರೆ, ಆ ವಾಲ್ವು ಇಂದು ಗ್ಯಾಸು ಹರಿಯುವ ಪೈಪಿನ ಮೇಲಿರುತ್ತಿತ್ತು, ಅದರ ಪಕ್ಕದಲ್ಲಿ ಯಾರೋ ನಿಂತು ಕೆಲಸ ಮಾಡುತ್ತಿರುತ್ತಿದ್ದರು. ತಪ್ಪಿಲ್ಲದವನಿಗೆ ಅನ್ಯಾಯ ಮಾಡಿದೆನೆಂದು ಅವರು ಎರಡು ವರ್ಷ ಒಬ್ಬರೇ ಕೊರಗಿದ್ದಾರೆ. ಅನ್ಯಾಯವಾಗಿರಲಿಲ್ಲ. ಈ ಮಾತು ನಮ್ಮ ಮ್ಯಾನೇಜರ ಕಣ್ಣಿಗೂ ಬೀಳುತ್ತದೆಂದು ತಿಳಿದೇ ಬೆಂಚಿನವನು ಇದನ್ನು ಬರೆದು, ಕೆಳಗೆ ತನ್ನ ಸಹಿ ಹಾಕುತ್ತಿದ್ದಾನೆ.

ಮಾನ್ಯರ ಕೈಕಾಲುಗಳು ಇನ್ನೂ ಬಹಳ ವರ್ಷ ಅವರ ಮಾತು ಕೇಳಲಿ. ಹೊಸದಾಗಿ ಈ ಕಸುಬಿಗೆ ಬರುವವರಿಗೆಂದು ನಮ್ಮ ಮಾತಿನಲ್ಲೇ ಕೈಪಿಡಿಯೊಂದನ್ನು ಬರೆಯಲು ಅವರು ತೊಡಗಿದ್ದಾರೆಂದು ಕೇಳಿದ್ದೇವೆ. ಅದು ಪೂರ್ಣವಾಗಲಿ, ಅದರ ಹಿಂದೆ ಇನ್ನೊಂದು ಶುರುವಾಗಲಿ. ಅವರಿಗೆ ನಿದ್ದೆ ಬರಲಿ. ಈ ಸಂಪುಟ ಅವರ ಕೋಣೆಯನ್ನು ಮುಟ್ಟಿದಾಗ ಯಾರೂ ಇದನ್ನು ಅವರಿಗೆ ಓದಿ ಹೇಳದಿರಲಿ. ಅವರೇ ಕಿಟಕಿಯ ಬೆಳಕಿನಲ್ಲಿ ಹಿಡಿದು, ತಮ್ಮ ಕಣ್ಣಿನಿಂದಲೇ ನೋಡಿ, ಬೆಂಚಿನವನು ಸರಿಯಾಗಿ ಓದಿದ್ದು ಅರವತ್ತಮೂರು ಎಂದು ತಾವು ನಿವೃತ್ತಿಯ ದಿನ ಹೇಳಿದ್ದನ್ನು ಅರವತ್ತೆರಡು ಎಂದು ತಿದ್ದಿಕೊಳ್ಳಲಿ.